ಅಡಿಟಿಪ್ಪಣಿಯಲ್ಲಿಲ್ಲದ ಹೆಸರು

ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದಿ ತಿದ್ದಿ, ಯಾವ ಬರಹ ಕೈಗೆ ಬಂದರೂ ಮೊದಲು ಅಡಿಟಿಪ್ಪಣಿಯನ್ನು ನೋಡುವ ಚಾಳಿ ನನಗೆ ಅಂಟಿಕೊಂಡಿದೆ. ಶಾಲೆಗಳಲ್ಲಿ ಬಿಳಿಯ ಮಕ್ಕಳನ್ನೂ ಕಪ್ಪು ಮಕ್ಕಳನ್ನೂ ಬೇರ್ಪಡಿಸುವುದು ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರ ಮೇ 17ರಂದು ಕೊಟ್ಟ ತೀರ್ಪಿನ 11ನೆಯ ಅಡಿಟಿಪ್ಪಣಿಯಲ್ಲಿ, ಇದ್ದ ಹೆಸರುಗಳಿಗಿಂತ ಇಲ್ಲದ ಹೆಸರೊಂದು ನನ್ನನ್ನು ಕಾಡಿತು.

ಅಲ್ಲಿ ಮೊದಲಿಗೆ ಇರುವುದು ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕರ ಹೆಸರು. ಇಲ್ಲದಿರುವುದು ಅವರ ಪತ್ನಿ ಮೇಮಿ ಫಿಪ್ಸ್ ಕ್ಲಾರ್ಕರದು. ಅರ್ಕನ್ಸಾಸ್ ಸಂಸ್ಥಾನದಲ್ಲಿ ಜನಿಸಿದ ಈ ಕಪ್ಪುವರ್ಣದ ಮಹಿಳೆ, 1939ರಲ್ಲಿ ಹೋವರ್ಡ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ, ಕಪ್ಪು ಮಗುವಿಗೆ 'ನಾನು' ಎಂಬ ಅರಿವು ಮೂಡುವ ಬಗೆಯನ್ನು ವಿಚಾರಿಸಿದ್ದರು. ಪ್ರಸಿದ್ಧವಾದ ಗೊಂಬೆಗಳ ಪರೀಕ್ಷೆ ಬೆಳೆದದ್ದು ಆ ಕೆಲಸದಿಂದ.

ದಂಪತಿಗಳು 3ರಿಂದ 7 ವರ್ಷದ 253 ಕಪ್ಪು ಮಕ್ಕಳ ಮುಂದೆ, ಮೈ ಮತ್ತು ಕೂದಲಿನ ಬಣ್ಣವನ್ನುಳಿದು ಎಲ್ಲದರಲ್ಲಿಯೂ ಒಂದೇ ತೆರನಾದ ಗೊಂಬೆಗಳನ್ನಿರಿಸಿದರು. ಆಡುವುದಕ್ಕೆ ಯಾವುದು ಬೇಕು? ಯಾವುದು ಕೆಟ್ಟದಾಗಿ ಕಾಣುತ್ತದೆ? ನೂರಕ್ಕೆ 67ರಷ್ಟು ಮಕ್ಕಳು ಆಡಲು ಬಿಳಿಯ ಗೊಂಬೆಯನ್ನು ಬಯಸಿದವು. ಅರ್ಧಕ್ಕಿಂತ ಹೆಚ್ಚು ಮಕ್ಕಳ ಕಣ್ಣಿಗೆ ಕೆಟ್ಟದಾಗಿ ಕಂಡದ್ದು ಕಂದು ಗೊಂಬೆ. ಕಡೆಯ ಪ್ರಶ್ನೆ: ನಿನ್ನಂತೆ ಇರುವುದು ಯಾವುದು? ಈ ಪರೀಕ್ಷೆಯ ನಡುವೆ ಇಬ್ಬರು ಮಕ್ಕಳು ಬಿಕ್ಕಿ ಬಿಕ್ಕಿ ಅಳುತ್ತ ಕೋಣೆಯಿಂದ ಹೊರಗೋಡಿದರು. (ಹೆಣ್ಣು ನೋಡಿ ಬಂದವರು ಆಡುವ "ಕಪ್ಪಾದರೂ ಲಕ್ಷಣವಾಗಿದ್ದಾಳೆ" ಎಂಬ ಮಾತಿನಲ್ಲಿಯ 'ಆದರೂ'ವನ್ನು ನಾನು ಬಹುಕಾಲ ನಿರಪಾಯವಾದ ಅವ್ಯಯವೆಂದೇ ತಿಳಿದಿದ್ದೆ.)

ಪರೀಕ್ಷೆ ಮುಖ್ಯವಾಗಿ ಮೇಮಿಯವರದು, ತಾನು ನಡುವೆ ಬಂದು ಸೇರಿದವನು ಎಂದು ಕೆನೆತರೇ ಮುಂದೆ ಒಪ್ಪಿಕೊಂಡರು. ಟಿಪ್ಪಣಿ ಸೂಚಿಸುವುದು ಅವರೊಬ್ಬರ 1950ರ ಬರಹವನ್ನಾದ್ದರಿಂದ, ನ್ಯಾಯಮೂರ್ತಿಗಳ ಮೇಲೆ ದುರುದ್ದೇಶವನ್ನು ಹೊರಿಸಲಾರೆ. ಇಂಥ ಮರೆವಿಗೆ ದುರುದ್ದೇಶ ಬೇಕಾಗಿಯೂ ಇಲ್ಲ. ಇಬ್ಬರೂ ಕೊಲಂಬಿಯ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದವರು. ಪತಿಗೆ 1942ರಲ್ಲಿಯೇ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಅಧ್ಯಾಪಕತ್ವ ದೊರೆಯಿತು. 1943ರಲ್ಲಿ ಪದವಿ ಪಡೆದ ಪತ್ನಿಗೆ ವಿದ್ಯೆಗೆ ತಕ್ಕ ಕೆಲಸ ದುರ್ಲಭವಾಯಿತು. ವಿದ್ಯೆ ಒಂದೇ, ಬಣ್ಣವೂ ಒಂದೇ! ವರ್ಣದ್ವೇಷದ ಚರಿತ್ರೆಯನ್ನು ಬರೆಯುವವರಿಗೆ ಕಪ್ಪು ಗಂಡಸು ಕಾಣುತ್ತಾನೆ. ಸ್ತ್ರೀಯರ ಚರಿತ್ರೆಯನ್ನು ಬರೆಯುವವರಿಗೆ ಬಿಳಿಯ ಹೆಂಗಸು. ಎರಡರ ನಡುವೆ ನಿಂತವಳು ಯಾರ ಪುಟಕ್ಕೆ ಸೇರಬೇಕು?

ಮೇಮಿಯವರು ಕೈಕಟ್ಟಿ ಕೂರಲಿಲ್ಲ. 1946ರಲ್ಲಿ ಪತಿಯೊಡನೆ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಮಕ್ಕಳ ಮನೋವಿಕಾಸಕ್ಕಾಗಿ ನಾರ್ತ್‌ಸೈಡ್ ಕೇಂದ್ರವನ್ನು ತೆರೆದು, 1979ರವರೆಗೆ ಅದನ್ನು ನಡೆಸಿದರು. ನಮ್ಮ ಮನಶ್ಶಾಸ್ತ್ರದ ಮಿತ್ರರ ತರಗತಿಯಿಂದ "ಕ್ಲಾರ್ಕನ ಪ್ರಯೋಗ" ಎಂಬ ಪುಲ್ಲಿಂಗ ಏಕವಚನದ ಷಷ್ಠಿ ಇನ್ನೊಮ್ಮೆ ಕೇಳಿಬಂದರೆ, ವ್ಯಾಕರಣದ ಮೇಷ್ಟರ ಅಧಿಕಾರದಿಂದ ಒಳಹೊಕ್ಕು ತಿದ್ದಬೇಕೆಂದಿದ್ದೇನೆ.