ಟವರಿನ ಕೆಳಗಿರುವವರಿಗೆ ಕಾನೂನು, ಮೇಲೆ ಹತ್ತಿದವನಿಗೆ ದೇವರು

ಮೊಬೈಲ್ ಟವರ್ ಎಂದಕೂಡಲೇ ನಮಗೆಲ್ಲ ಹೊಳೆಯುವ ಪ್ರಶ್ನೆ ಒಂದೇ: ಇದರ ವಿಕಿರಣದಿಂದ ನಮಗೇನಾದರೂ ಆಗುತ್ತದೆಯೇ? ವರ್ಷಗಟ್ಟಲೆ ಇದನ್ನು ಬಿಟ್ಟೂ ಬಿಡದೆ ಕೇಳುತ್ತ ಬಂದಿದ್ದೇವೆ. ಸರ್ಕಾರವೂ ಕಿವಿಗೊಟ್ಟಿದೆ. 2012ರ ಸೆಪ್ಟೆಂಬರ್ 1ರಿಂದ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಮರುವರ್ಷ, ಮಿತಿ ಮೀರಿದ ಒಂದೊಂದು ಬೇಸ್ ಸ್ಟೇಷನ್ನಿನ ಮೇಲಿನ ದಂಡವನ್ನು 5 ಲಕ್ಷದಿಂದ 10 ಲಕ್ಷ ರೂಪಾಯಿಗೆ ಏರಿಸಿತು. 2017ರಲ್ಲಿ ‘ತರಂಗ್ ಸಂಚಾರ್’ ಎಂಬ ಜಾಲತಾಣ ತೆರೆಯಿತು. ನಿಮ್ಮ ಬೀದಿಯ ಟವರ್ ನಿಯಮ ಪಾಲಿಸುತ್ತಿದೆಯೇ ಎಂದು ಅಲ್ಲಿ ನೋಡಬಹುದು. 4,000 ರೂಪಾಯಿ ಮತ್ತು ತೆರಿಗೆ ಕಟ್ಟಿದರೆ ಮನೆಯ ಹತ್ತಿರವೇ ಬಂದು ಅಳೆದು ಹೋಗುವ ವ್ಯವಸ್ಥೆಯೂ ಆಯಿತು. ಅದೇ ವರ್ಷ ಸುಪ್ರೀಂ ಕೋರ್ಟು, ಮನೆಗೆಲಸದವರೊಬ್ಬರ ದೂರಿನ ಮೇಲೆ ಗ್ವಾಲಿಯರ್‌ನ ಒಂದು ಟವರನ್ನೇ ನಿಲ್ಲಿಸುವಂತೆ ಆದೇಶಿಸಿತು.

ಈ ಕಾಳಜಿಯನ್ನು ನಾನು ಹೀಗಳೆಯುತ್ತಿಲ್ಲ. ಸಾಬೀತಾಗದ ಅಪಾಯದ ವಿಷಯದಲ್ಲೂ ಸರ್ಕಾರ ಎಚ್ಚರದಿಂದ ಇರಬೇಕಾದದ್ದೇ. ಆದರೆ ಅದೇ ಟವರಿನ ತುದಿಯಲ್ಲಿ ಇನ್ನೊಂದು ಅಪಾಯ ಇದೆ. ಅದನ್ನು ಸಾಬೀತುಪಡಿಸಲು ಯಾವ ವಿಜ್ಞಾನಿಯೂ ಬೇಕಾಗಿಲ್ಲ. ನಲವತ್ತು ಮೀಟರ್ ಮೇಲಿಂದ ಬಿದ್ದ ಮನುಷ್ಯ ಬದುಕುವುದಿಲ್ಲ. ಆ ಸಾವಿಗೆ ಜಾಲತಾಣವಿಲ್ಲ, ಪ್ರತ್ಯೇಕ ಲೆಕ್ಕವಿಲ್ಲ, ಆ ಆಂಟೆನಾ ಯಾರದ್ದೋ ಅವರ ಮೇಲೆ ದಂಡವೂ ಇಲ್ಲ. ನನ್ನ ವಾದ ಇಷ್ಟೇ: ಟವರಿನ ವಿಕಿರಣಕ್ಕೆ ಕಂಪನಿ ಹೊಣೆ ಎಂದು ಹೇಳಲು ಬಂದ ಸರ್ಕಾರಕ್ಕೆ, ಟವರಿನಿಂದ ಬಿದ್ದ ಹೆಣಕ್ಕೂ ಅದೇ ಕಂಪನಿ ಹೊಣೆ ಎಂದು ಹೇಳಲು ಬರಬೇಕು.

ಮೊದಲು ಕೆಲಸ ಏನೆಂದು ನೋಡೋಣ. ದೇಶದಲ್ಲಿ ಸುಮಾರು 8 ಲಕ್ಷ ಮೊಬೈಲ್ ಟವರುಗಳಿವೆ. ನೆಲದ ಮೇಲೆ ನಿಂತ ಟವರ್ ಸಾಮಾನ್ಯವಾಗಿ ಹನ್ನೆರಡು ಅಂತಸ್ತಿನ ಕಟ್ಟಡದಷ್ಟು ಎತ್ತರ. ಅದನ್ನು ಹತ್ತುವವನನ್ನು ಈ ಕಸುಬಿನಲ್ಲಿ ರಿಗ್ಗರ್ ಎನ್ನುತ್ತಾರೆ. ಆಂಟೆನಾ ಕೂರಿಸುವುದು, ಅದರ ಕೋನ ಸರಿಪಡಿಸುವುದು, ಕೆಟ್ಟ ರೇಡಿಯೊ ಯೂನಿಟ್ ಇಳಿಸಿ ಹೊಸದನ್ನು ಏರಿಸುವುದು, ಎದುರಿನ ಟವರಿಗೆ ನೇರವಾಗುವಂತೆ ಮೈಕ್ರೋವೇವ್ ಡಿಶ್ ತಿರುಗಿಸಿ ನಿಲ್ಲಿಸುವುದು ಇವನ ಕೆಲಸ. ಇಪ್ಪತ್ತು, ಮೂವತ್ತು ಕಿಲೋ ತೂಕದ ಪೆಟ್ಟಿಗೆಯನ್ನು ಕೆಳಗಿನವರು ಹಗ್ಗ, ರಾಟೆಯಲ್ಲಿ ಎಳೆಯುತ್ತಾರೆ. ಮೇಲಿನವನು ಒಂದು ಕೈಯಲ್ಲಿ ಕಬ್ಬಿಣ, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ಬೋಲ್ಟ್ ಬಿಗಿಯುತ್ತಾನೆ. ಏಪ್ರಿಲ್ ಬಿಸಿಲಿಗೆ ಕಬ್ಬಿಣ ಕೈ ಸುಡುತ್ತದೆ, ಮಳೆಗಾಲದಲ್ಲಿ ಜಾರುತ್ತದೆ. ಕೆಲವು ಟವರುಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಇನ್ನು, ನಾವು ಇಷ್ಟೆಲ್ಲ ಹೆದರುವ ಆ ವಿಕಿರಣದ ಮುಂದೆ ಕೈಯಳತೆಯಲ್ಲಿ ನಿಲ್ಲುವವನೂ ಇವನೇ. ಕೆಲಸ ಮುಗಿಯುವವರೆಗೆ ಆ ಆಂಟೆನಾ ಆರಿಸಿರಬೇಕು. ಆರಿಸಿದರೆ ಒಂದು ದಿಕ್ಕಿನ ಸಿಗ್ನಲ್ ಹೋಗುತ್ತದೆ, ದೂರು ಬರುತ್ತದೆ, ನೆಟ್‌ವರ್ಕ್ ಅಂಕಿಅಂಶ ಕೆಡುತ್ತದೆ. ಒತ್ತಡ ಯಾವ ಕಡೆಗೆ ವಾಲುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇವನು ಯಾರ ನೌಕರ? ಆಂಟೆನಾ ಮೊಬೈಲ್ ಕಂಪನಿಯದು. ಟವರ್ ಇನ್ನೊಂದು ಕಂಪನಿಯದು. ಉಪಕರಣ ಕೂರಿಸುವ ಹೊಣೆ ಉಪಕರಣ ಮಾರಿದವರದು. ಅವರು ಅದನ್ನು ಗುತ್ತಿಗೆದಾರನಿಗೆ ಕೊಡುತ್ತಾರೆ, ಅವನು ಉಪಗುತ್ತಿಗೆದಾರನಿಗೆ, ಆ ಉಪಗುತ್ತಿಗೆದಾರ ಒಂದು ಜೀಪು, ನಾಲ್ಕು ಹುಡುಗರು ಇರುವ ಇನ್ನೊಬ್ಬನಿಗೆ. ಪ್ರತಿ ಮೆಟ್ಟಿಲಿನಲ್ಲೂ ಸ್ವಲ್ಪ ಹಣ ಉಳಿದುಕೊಳ್ಳುತ್ತದೆ, ಹೊಣೆ ಮಾತ್ರ ಪೂರ್ತಿಯಾಗಿ ಕೆಳಗಿಳಿಯುತ್ತದೆ. ಹುಡುಗ ಬಿದ್ದ ದಿನ ಪೊಲೀಸರು ನಿರ್ಲಕ್ಷ್ಯದ ಸಾವು ಎಂದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಹಾಕಬಹುದು. ಆದರೆ ಕೈಗೆ ಸಿಗುವವನು ಆ ಜೀಪಿನವನು. ಪತ್ರಿಕೆಯ ಒಳಪುಟದಲ್ಲಿ ‘ಟವರ್‌ನಿಂದ ಬಿದ್ದು ಕಾರ್ಮಿಕ ಸಾವು’ ಎಂದು ನಾಲ್ಕು ಸಾಲು ಬರುತ್ತದೆ. ಯಾವ ಕಂಪನಿಯ ಟವರ್, ಯಾವ ಕಂಪನಿಯ ಆಂಟೆನಾ ಎಂಬುದು ಆ ನಾಲ್ಕು ಸಾಲಿನಲ್ಲಿ ಹಿಡಿಸುವುದಿಲ್ಲ.

ಕಾನೂನು ಇಲ್ಲವೇ ಎಂದು ಕೇಳುವಿರಿ. ಇದೆ. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆಯ ವ್ಯಾಖ್ಯೆಯಲ್ಲೇ ವೈರ್‌ಲೆಸ್, ಟೆಲಿಫೋನ್, ಟವರ್ ಎಲ್ಲವೂ ಇದ್ದವು; ನಿರ್ಮಾಣ ಮಾತ್ರವಲ್ಲ, ದುರಸ್ತಿ, ನಿರ್ವಹಣೆಯೂ ಸೇರಿತ್ತು. ಆದರೆ ಆ ಕಾಯ್ದೆ ಅನ್ವಯಿಸುತ್ತಿದ್ದದ್ದು ಹತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ. ಟವರ್ ಕೆಲಸಕ್ಕೆ ಬರುವ ತಂಡದಲ್ಲಿ ಮೂರೋ ನಾಲ್ಕೋ ಜನ. ಕಾನೂನಿನ ಬಾಗಿಲು ಹತ್ತು ಜನರ ಅಗಲಕ್ಕಿದೆ, ನಾಲ್ಕು ಜನ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಇದನ್ನು ಸರಿಪಡಿಸಬಹುದಿತ್ತು. ಅದು ಹತ್ತರ ಮಿತಿಯನ್ನು ಹಾಗೇ ಇಟ್ಟುಕೊಂಡಿತು. ಗುತ್ತಿಗೆ ಕಾರ್ಮಿಕರ ನಿಯಮಗಳಿಗೆ ಹಿಂದೆ ಇದ್ದ ಇಪ್ಪತ್ತು ಜನರ ಮಿತಿಯನ್ನು ಐವತ್ತಕ್ಕೆ ಏರಿಸಿತು. ನಿರ್ಮಾಣ ಕೆಲಸದಲ್ಲಿ ಸುರಕ್ಷತಾ ಅಧಿಕಾರಿ ಬೇಕೆಂದರೆ 250 ಜನ ಇರಬೇಕು. 250 ಜನ ಒಟ್ಟಿಗೆ ಹತ್ತುವ ಟವರನ್ನು ಯಾರೂ ಕಟ್ಟಿಲ್ಲ.

ಈಗ ಹಣದ ಮಾತು. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಟೆಲಿಕಾಂ ಜಾಲಕ್ಕೆ ಹಾನಿ ಮಾಡಿದವರು ನಷ್ಟ ತುಂಬಿಕೊಡುವುದರ ಜೊತೆಗೆ 50 ಲಕ್ಷ ರೂಪಾಯಿವರೆಗೆ ದಂಡ ತೆರಬೇಕಾಗುತ್ತದೆ. ಅದೇ ಜಾಲವನ್ನು ಕಟ್ಟುತ್ತ 25 ವರ್ಷದ ಹುಡುಗನೊಬ್ಬ ಸತ್ತರೆ, 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಸೂತ್ರದಲ್ಲಿ, ತಿಂಗಳ ಸಂಬಳ 15,000 ರೂಪಾಯಿ ಎಂದು ಹಿಡಿದರೆ, ಸಿಗುವುದು ಸುಮಾರು 16 ಲಕ್ಷ 27 ಸಾವಿರ. ಅದೂ ಸಿಗುವುದಾದರೆ. ಆ ಕಾಯ್ದೆಯ 12ನೇ ಕಲಂ ಸ್ಪಷ್ಟವಾಗಿತ್ತು: ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನೂ ಪರಿಹಾರಕ್ಕೆ ಹೊಣೆ. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ತತ್ವ ಉಳಿದಿದೆ. ಆದರೆ ಆ ಹಕ್ಕು ಕೇಳಬೇಕಾದವರು ಬಿಹಾರದಲ್ಲೋ ಒಡಿಶಾದಲ್ಲೋ ಕಲಬುರಗಿಯಲ್ಲೋ ಇರುವ ಒಬ್ಬ ತಾಯಿ. ಮಗ ಯಾರ ಆಂಟೆನಾ ಬಿಗಿಯಲು ಹತ್ತಿದ್ದ ಎಂಬುದೇ ಅವಳಿಗೆ ತಿಳಿಯದಿದ್ದರೆ ಯಾರ ಮೇಲೆ ಅರ್ಜಿ ಹಾಕಬೇಕು?

ಕಂಪನಿಗಳ ಕಡೆಯಿಂದ ಸಾಮಾನ್ಯವಾಗಿ ಬರುವ ಉತ್ತರ: “ಹಾರ್ನೆಸ್ ಕೊಟ್ಟಿರುತ್ತೇವೆ, ಈ ಹುಡುಗರೇ ಹಾಕಿಕೊಳ್ಳುವುದಿಲ್ಲ.” ಈ ಮಾತಿನಲ್ಲಿ ಅರ್ಧ ನಿಜವಿದೆ, ಆದ್ದರಿಂದಲೇ ಇದು ಅಪಾಯಕಾರಿ. ಹಾರ್ನೆಸ್ ತೊಟ್ಟರೆ ಸಾಲದು. ಅದರ ಎರಡು ಕೊಕ್ಕೆಗಳಲ್ಲಿ ಒಂದಾದರೂ ಸದಾ ಕಬ್ಬಿಣಕ್ಕೆ ಸಿಕ್ಕಿರಬೇಕು. ಒಂದನ್ನು ಮೇಲೆ ಸಿಕ್ಕಿಸಿ, ಇನ್ನೊಂದನ್ನು ಬಿಚ್ಚಿ, ಹೀಗೆ ನಲವತ್ತು ಮೀಟರ್ ಏರಬೇಕು. ಅದಕ್ಕೆ ಸಮಯ ಬೇಕು. ಗುತ್ತಿಗೆದಾರನಿಗೆ ಹಣ ಬರುವುದು ಸೈಟಿನ ಲೆಕ್ಕದಲ್ಲಿ. ದಿನಕ್ಕೆ ಒಂದು ಸೈಟ್ ಮುಗಿಸಿದವನಿಗಿಂತ ಎರಡು ಮುಗಿಸಿದವನು ಜಾಣ. ಕೊಕ್ಕೆ ಹಾಕದೆ ಸರಸರನೆ ಹತ್ತುವವನಿಗೆ ಬಹುಮಾನ ಸಿಗುವಂತೆ ದರ ಕಟ್ಟಿ, ಬಿದ್ದಮೇಲೆ ಕೊಕ್ಕೆ ಏಕೆ ಹಾಕಲಿಲ್ಲ ಎಂದು ಹೆಣವನ್ನು ಕೇಳುತ್ತೇವೆ. ಏಣಿಯ ಉದ್ದಕ್ಕೂ ಕಾಯಂ ಉಕ್ಕಿನ ಹಗ್ಗ ಬಿಗಿದಿದ್ದರೆ ಈ ಸಮಸ್ಯೆಯ ಬಹುಪಾಲು ಮುಗಿಯುತ್ತದೆ; ಹಾರ್ನೆಸ್ಸಿನ ಹಿಡಿ ಅದರ ಮೇಲೆ ಜಾರುತ್ತ ಬರುತ್ತದೆ, ಜಾರಿ ಬಿದ್ದರೆ ಕಚ್ಚಿ ನಿಲ್ಲುತ್ತದೆ. ಇದು ಹೊಸ ತಂತ್ರಜ್ಞಾನವೇನೂ ಅಲ್ಲ. ಟವರ್ ಒಡೆಯ ಒಮ್ಮೆ ಖರ್ಚು ಮಾಡಬೇಕು, ಅಷ್ಟೇ. ಇನ್ನೊಂದು ಸಂಗತಿ: ಹಾರ್ನೆಸ್ಸಿನಲ್ಲಿ ನೇತಾಡುವವನೂ ಸುರಕ್ಷಿತನಲ್ಲ. ಕಾಲಿನಲ್ಲಿ ರಕ್ತ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಹಳ್ಳಿಯ ಹೊಲದ ನಡುವಿನ ಟವರಿಗೆ ಅಗ್ನಿಶಾಮಕ ದಳದ ಏಣಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಳಿಸಲು ಕಲಿತ ಎರಡನೆಯವನು ಸ್ಥಳದಲ್ಲೇ ಇರಬೇಕು.

ಅಮೆರಿಕದ ಅನುಭವ ನಮಗೆ ಪಾಠವಾಗಬೇಕಿತ್ತು. ಅಲ್ಲಿ ಜಾಲ ವಿಸ್ತರಣೆಯ ಧಾವಂತದ 2006ರಲ್ಲಿ ಟವರುಗಳ ಮೇಲೆ 18 ಜನ ಸತ್ತರು. 2008ರಲ್ಲಿ ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆಯ ಮುಖ್ಯಸ್ಥರೇ ಇದನ್ನು ದೇಶದ ಅತಿ ಅಪಾಯದ ಕೆಲಸ ಎಂದರು. 2012ರಲ್ಲಿ ಪ್ರೊಪಬ್ಲಿಕಾ ಮತ್ತು ಪಿಬಿಎಸ್ ಫ್ರಂಟ್‌ಲೈನ್ ಪತ್ರಕರ್ತರು ದಾಖಲೆಗಳನ್ನು ಕೆದಕಿ, 2003ರಿಂದ ಮೊಬೈಲ್ ಸೈಟುಗಳಲ್ಲಿ ಸತ್ತ 50 ಜನರ ಲೆಕ್ಕ ತೆಗೆದರು. ಅದರಲ್ಲಿ 15 ಸಾವು ಎಟಿ ಅಂಡ್ ಟಿ ಕಂಪನಿಯ ಕೆಲಸದಲ್ಲಿ. ಅಲ್ಲೂ ಗುತ್ತಿಗೆಯ ಮೇಲೆ ಗುತ್ತಿಗೆ ಇತ್ತು, ಅಲ್ಲೂ ದೊಡ್ಡವರು ದಂಡದಿಂದ ತಪ್ಪಿಸಿಕೊಂಡರು. ಆದರೂ ಸಾವಿನ ದಾಖಲೆ ಇದ್ದದ್ದರಿಂದ ಅದನ್ನು ಕಂಪನಿಯ ಹೆಸರಿಗೆ ಜೋಡಿಸಲು ಸಾಧ್ಯವಾಯಿತು. ನಮ್ಮಲ್ಲಿ 2022ರ ಅಕ್ಟೋಬರ್ 1ರಂದು 5ಜಿ ಆರಂಭವಾಯಿತು. ಎರಡೇ ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು 5ಜಿ ಬೇಸ್ ಸ್ಟೇಷನ್‌ಗಳು ಎದ್ದವು. ಜಗತ್ತಿನಲ್ಲೇ ಅತಿ ವೇಗದ ವಿಸ್ತರಣೆಗಳಲ್ಲಿ ಇದೂ ಒಂದೆಂದು ಬೀಗಿದೆವು. ಆ ವೇಗದಲ್ಲಿ ಬಿದ್ದವರೆಷ್ಟು? ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಪುಸ್ತಕದಲ್ಲಿ ‘ಎತ್ತರದಿಂದ ಬಿದ್ದು’ ಎಂಬ ಸಾಲಿದೆ. ಮಾವಿನ ಮರದಿಂದ ಬಿದ್ದವನೂ ಟವರಿನಿಂದ ಬಿದ್ದವನೂ ಅದೇ ಸಾಲಿನಲ್ಲಿ ಮಲಗಿದ್ದಾರೆ.

ಲೆಕ್ಕ ಇಡುವುದರಿಂದ ಏನಾಗುತ್ತದೆ ಎನ್ನುವವರು ನಮ್ಮ ಕೆಜಿಎಫ್‌ನ ಬೆಜವಾಡ ವಿಲ್ಸನ್ ಅವರನ್ನು ನೆನೆಯಲಿ. ಮ್ಯಾನ್‌ಹೋಲಿನಲ್ಲಿ ಸಾಯುವವರನ್ನೂ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅವರ ಸಫಾಯಿ ಕರ್ಮಚಾರಿ ಆಂದೋಲನ ಪಟ್ಟಿ ಮಾಡುತ್ತ, ಕೋರ್ಟಿಗೆ ಹೋಯಿತು. 2014ರಲ್ಲಿ ಸುಪ್ರೀಂ ಕೋರ್ಟು, 1993ರಿಂದ ಸತ್ತವರನ್ನೆಲ್ಲ ಗುರುತಿಸಿ ಕುಟುಂಬಕ್ಕೆ ತಲಾ 10 ಲಕ್ಷ ಕೊಡಿ ಎಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮ್ಯಾನ್‌ಹೋಲಿನ ಸಾವು ಇನ್ನೂ ನಿಂತಿಲ್ಲ, ನಿಜ. ಆದರೆ ಈಗ ಯಾರೂ ಅದನ್ನು ‘ಆಕಸ್ಮಿಕ’ ಎಂದು ಮಡಿಸಿಡಲಾರರು.

ಆದ್ದರಿಂದ ಕೇಳಬೇಕಾದ್ದು ನಾಲ್ಕು. ಎತ್ತರದ ಕೆಲಸಕ್ಕೆ ಹತ್ತು ಜನರ ಮಿತಿ ತೆಗೆಯಿರಿ. ಒಬ್ಬ ಹತ್ತಿದರೂ ಕಾನೂನು ಅವನೊಂದಿಗೆ ಹತ್ತಲಿ. ಆಂಟೆನಾದ ಒಡೆಯ, ಟವರಿನ ಒಡೆಯ ಇಬ್ಬರನ್ನೂ ಮೂಲ ಮಾಲೀಕರೆಂದು ದೂರಸಂಪರ್ಕ ಪರವಾನಗಿಯ ಷರತ್ತಿನಲ್ಲೇ ಬರೆಯಿರಿ, ಉಪಗುತ್ತಿಗೆ ಒಂದೇ ಮೆಟ್ಟಿಲಿಗೆ ನಿಲ್ಲಲಿ. ಪ್ರತಿ ಟವರಿಗೂ ಕಾಯಂ ಸುರಕ್ಷಾ ಹಗ್ಗ, ಪ್ರತಿ ತಂಡದಲ್ಲೂ ಇಳಿಸಲು ಕಲಿತವನೊಬ್ಬ ಕಡ್ಡಾಯವಾಗಲಿ. ಕೊನೆಯದಾಗಿ, ವಿಕಿರಣದ ಅಳತೆ ತೋರಿಸುವ ಅದೇ ತರಂಗ್ ಸಂಚಾರ್ ಜಾಲತಾಣದಲ್ಲಿ, ಅದೇ ಟವರಿನ ಗುರುತಿನ ಮುಂದೆ, ಅಲ್ಲಿ ಆದ ಅಪಘಾತ, ಸಾವು, ಹೊಣೆಗಾರ ಕಂಪನಿಗಳ ಹೆಸರು ಕಾಣಲಿ. ಜಾಲತಾಣ ಸಿದ್ಧವಿದೆ, ಸೇರಿಸಬೇಕಾದದ್ದು ಇನ್ನೊಂದು ಅಂಕಣ ಮಾತ್ರ.

ಇದರಿಂದ ಡೇಟಾ ದುಬಾರಿಯಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಆಗಲಿ. ಸಾವಿರಾರು ಗ್ರಾಹಕರಿಗೆ ಹಂಚಿದರೆ ಒಂದು ಉಕ್ಕಿನ ಹಗ್ಗದ ಬೆಲೆ ಯಾರ ರೀಚಾರ್ಜಿನಲ್ಲೂ ಕಾಣುವಷ್ಟಾಗುವುದಿಲ್ಲ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದಿನಲ್ಲಿ ಈ ಪತ್ರ ಓದುತ್ತಿರುವ ನಿಮ್ಮಲ್ಲಿ ಹಲವರ ಕಟ್ಟಡದ ತಾರಸಿಯ ಮೇಲೂ ಟವರ್ ಇರಬಹುದು. ಅದರ ಬಾಡಿಗೆಯಲ್ಲಿ ಲಿಫ್ಟಿನ ನಿರ್ವಹಣೆ ನಡೆಯುತ್ತಿರಬಹುದು. ಕರಾರು ನವೀಕರಣಕ್ಕೆ ಬಂದಾಗ ವಿಕಿರಣದ ಪ್ರಮಾಣಪತ್ರ ತಪ್ಪದೆ ಕೇಳುತ್ತೀರಿ. ಜೊತೆಗೆ ಇನ್ನೊಂದು ಷರತ್ತು ಬರೆಸಿ: ಹತ್ತುವವನ ಹೆಸರು, ತರಬೇತಿ ಪತ್ರ, ವಿಮೆ, ಆ ದಿನದ ಕೆಲಸದ ಪರವಾನಗಿ ಕಾವಲುಗಾರನ ರಿಜಿಸ್ಟರಿನಲ್ಲಿ ದಾಖಲಾಗದೆ ಯಾರೂ ಮೇಲೆ ಹೋಗುವಂತಿಲ್ಲ. ಗುರುಗ್ರಾಮದ, ಪುಣೆಯ ಕಚೇರಿಗಳಲ್ಲಿ ಕೂತು ಈ ಸೈಟುಗಳ ಗಡುವು ನಿಗದಿ ಮಾಡುವ ಕನ್ನಡಿಗರೂ ನಮ್ಮ ಓದುಗರಲ್ಲಿ ಇರಬಹುದು. ದಿನಕ್ಕೆ ಎಷ್ಟು ಸೈಟ್ ಎಂದು ಬರೆಯುವ ಮುನ್ನ, ಕೊಕ್ಕೆ ಹಾಕಿಕೊಂಡು ಹತ್ತಿದರೆ ಎಷ್ಟು ಹೊತ್ತು ಬೇಕು ಎಂದು ಹತ್ತುವವನನ್ನೇ ಕೇಳಿ. ತಾರಸಿಯ ಕೀಲಿ ಸೊಸೈಟಿಯ ಕೈಯಲ್ಲಿದೆ, ಗಡುವಿನ ಹಾಳೆ ನಿಮ್ಮ ಕಂಪ್ಯೂಟರಿನಲ್ಲಿದೆ. ಎರಡಕ್ಕೂ ದೆಹಲಿಯ ಅಪ್ಪಣೆ ಬೇಕಿಲ್ಲ.