ಇನ್ನೊಬ್ಬರ ಕಿಡಕಿ

ಇಂಗ್ಲೆಂಡಿಗೆ ಮಗಳ ಮನಿಗೋ ಮಗನ ಮನಿಗೋ ಹೊಂಟ ಅಕ್ಕ-ತಂಗ್ಯಾರಿಗೆಲ್ಲ ಒಂದು ಮಾತು. ಲಂಡನ್ ನೋಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಒಂದ ದಿನದಾಗ ಐದು ಹಳ್ಳಿ ತೋರಸ್ತೀವಿ ಅಂತ ಬಸ್ಸಿನ್ಯಾಗ ಕೂಡಿಸ್ಕೊಂಡು ಹೋಗ್ತಾರಲ್ಲ, ಅದಕ್ಕ ಮಾತ್ರ ರೊಕ್ಕ ಕೊಡಬ್ಯಾಡ್ರಿ. ಒಂದ ಹಳ್ಳಿ ಸಾಕು, ಆದ್ರ ಇಡೀ ದಿನ.

ಇದನ್ನ ನಾ ನಾಚಿಕಿ ಪಟ್ಟು ಕಲತದ್ದು. ಮೊದಲನೇ ಸಲ ಹೋದಾಗ ಕಾಟ್ಸ್‌ವೋಲ್ಡ್ಸ್ ಸೀಮಿಯ ಬೈಬರಿಯೊಳಗ ನಮಗ ಸಿಕ್ಕಿದ್ದು ನಲವತ್ತ ನಿಮಿಷ. ಅಲ್ಲೆ ಆರ್ಲಿಂಗ್‌ಟನ್ ರೋ ಅಂತ ಜೇನಿನ ಬಣ್ಣದ ಕಲ್ಲಿನ ಸಣ್ಣ ಮನಿಗಳ ಸಾಲು ಅದ. ಎಲ್ಲಾರೂ ಫೋಟೋ ಹೊಡೀಲಿಕ್ಕತ್ತಿದ್ರು. ನಾನೂ ಊರಾಗಿನ ಒಂದು ಮನಿ ಕಿಡಕಿಗೆ ಮಾರಿ ಹಚ್ಚಿ ಒಳಗ ಇಣಕಿದೆ, ಮ್ಯೂಸಿಯಂ ಇರಬೇಕು ಅನ್ಕೊಂಡು. ಒಳಗ ಒಬ್ಬಾಕಿ ಮುದುಕಿ ತೊಡಿ ಮ್ಯಾಲ ತಾಟು ಇಟ್ಕೊಂಡು ಊಟ ಮಾಡ್ಲಿಕ್ಕತ್ತಿದ್ದಳು. ಬಯ್ಯಲಿಲ್ಲ ಪಾಪ. ಎದ್ದು ಬಂದು ಪರದೆ ಎಳದಳು, ಅಷ್ಟ.

ನಮ್ಮನಿ ಊಟದ ಹೊತ್ತಿನ್ಯಾಗ ಯಾರರೆ ಹಿಂಗ ಇಣಕಿದ್ರ ನಾ ಏನಂತಿದ್ದೆ, ನಿಮಗ ಗೊತ್ತದ!

ಮನಿಗೆ ಬಂದು ಓದಿದ ಮ್ಯಾಲ ಇನ್ನೂ ಬ್ಯಾಸರಾತು. ಆ ಸಾಲು 14ನೇ ಶತಮಾನದಾಗ ಉಣ್ಣಿ ಇಡೋ ಉಗ್ರಾಣ ಇತ್ತಂತ. 17ನೇ ಶತಮಾನದಾಗ ನೇಕಾರರ ಮನಿ ಆದವು. ಎದುರಿಗೆ ನೀರಿನ ನಡುವ ಇರೋ ಹುಲ್ಲಿನ ತುಣುಕಿಗೆ ರ‍್ಯಾಕ್ ಐಲ್ ಅಂತಾರ. ನೇಯ್ದ ಅರಿವಿ ಒಣಗ ಹಾಕ್ತಿದ್ದದ್ದು ಅಲ್ಲೇ. ಅದರ ಮುಂದ ನಿಂತು ನಾ ನೋಡಿದ್ದು ಬರೇ ಬಾತುಕೋಳಿ. ನಲವತ್ತ ನಿಮಿಷದಾಗ ಮತ್ತೇನು ಕಾಣಸ್ತದ?

ಮುಂದಿನ ಸಲ ಮಗಳಿಗೆ ಹಟಾ ಮಾಡಿ ವಿಲ್ಟ್‌ಶೈರಿನ ಲೇಕಾಕ್‌ಗೆ ಮಾತ್ರ ಹೋದೆ. ಚಿಪ್ಪೆನ್‌ಹ್ಯಾಮ್ ತನಕ ರೈಲು, ಅಲ್ಲಿಂದ ಮೂರು-ನಾಕು ಮೈಲಿ. ಆ ಊರ ಕಥಿ ಹೆಂಗಸರದು, ಅದಕ್ಕ ಹೇಳ್ತೀನಿ. ಎಲಾ ಅಂತ ಒಬ್ಬಾಕಿ ಕೌಂಟೆಸ್. ಗಂಡ ಸತ್ತ ಮ್ಯಾಲ 1232ರಾಗ ಸನ್ಯಾಸಿನಿಯರ ಮಠ ಕಟ್ಟಿಸಿದಳು. ಆಮ್ಯಾಲ ತಾನೂ ಸನ್ಯಾಸ ತಗೊಂಡು ಅದರ ಮುಖ್ಯಸ್ಥೆ ಆದಳು. 1539ರಾಗ ರಾಜ ಎಂಟನೇ ಹೆನ್ರಿ ಮಠ ಮುಚ್ಚಿಸಿದ. ಅದು ದೊಡ್ಡವರ ಮನಿ ಆತು. ಅಲ್ಲಿಯ ಒಂದು ಕಿಡಕಿಯ ಚಿತ್ರಾನ ಫಾಕ್ಸ್ ಟಾಲ್‌ಬಟ್ 1835ರಾಗ ಕ್ಯಾಮೆರಾದಾಗ ಹಿಡದ. ಇವತ್ತಿಗೂ ಉಳದಿರೋ ಅತಿ ಹಳೇ ಫೋಟೋ ನೆಗೆಟಿವ್ ಅದ. ಅವನ ಮೊಮ್ಮಗಳು ಮಟಿಲ್ಡಾ 1944ರಾಗ ಮನಿ, ಹಳ್ಳಿ ಎರಡೂ ನ್ಯಾಷನಲ್ ಟ್ರಸ್ಟಿಗೆ ಕೊಟ್ಟುಬಿಟ್ಟಳು. ಒಬ್ಬಾಕಿ ಕಟ್ಟಿದ್ದನ್ನ ಏಳುನೂರು ವರ್ಷದ ಮ್ಯಾಲ ಇನ್ನೊಬ್ಬಾಕಿ ಉಳಸಿದಳು ನೋಡ್ರಿ.

ಮಠದಾಗ 1500ರ ಒಂದು ಕಂಚಿನ ಹಂಡೆ ಅದ. ಬೆಲ್ಜಿಯಂನ ಮೆಕೆಲೆನ್‌ದಾಗ ಎರಕ ಹೊಯ್ದದ್ದು. ಎಲ್ಲಾರೂ ಹ್ಯಾರಿ ಪಾಟರ್ ಸಿನಿಮಾ ತಗದ ಜಾಗಾ ಹುಡುಕಿದ್ರ, ನಾ ಆ ಹಂಡೆ ಮುಂದ ನಿಂತು ಎಷ್ಟು ಮಂದಿಗೆ ಅಡಗಿ ಆಗಬಹುದು ಅಂತ ಲೆಕ್ಕ ಹಾಕ್ದೆ.

ಊರಾಗ ವಿದ್ಯುತ್ ತಂತಿ ತಲಿ ಮ್ಯಾಲ ಕಾಣಸೂದಿಲ್ಲ, ಮನಿ ಎಲ್ಲಾ ಹಳೇವು. ಆದ್ರ ಬಾಡಿಗಿ ಕೊಟ್ಟು ಮಂದಿ ಅಲ್ಲೇ ಸಂಸಾರ ಮಾಡ್ತಾರ. ಬಾಗಲದಾಗ ಮಕ್ಕಳ ಕೆಸರು ಬೂಟು ಇದ್ವು.

"ನೋಡ್ಲಿಕ್ಕೆ ಬರ್ರಿ ಅಂತ ಅವರ ಕರೀತಾರಲ್ಲ, ನೋಡಿದ್ರ ಏನಾತು?" ಅಂತ ನಮ್ಮ ಓರಗಿತ್ತಿ ವಾದ ಮಾಡ್ತಾಳ. ಖರೇ, ಕರೀತಾರ. ಅಂಗಡಿಗೆ, ಚರ್ಚಿಗೆ, ಚಹಾಕ್ಕ ಕರೀತಾರ. ಊಟದ ತಾಟಿನ ತನಕ ಕರದಿಲ್ಲ. ಬಸ್ಸಿನ್ಯಾಗ ಧುಮುಕಿ, ಫೋಟೋ ಹೊಡದು, ಒಂದು ಪೌಂಡೂ ಖರ್ಚು ಮಾಡದ ಓಡೋರಿಂದ ಆ ಊರಿಗೆ ಉಳಿಯೂದು ಗದ್ದಲ ಮಾತ್ರ. ಒಂದ ಊರಾಗ ಕೂತ್ರ ಅಲ್ಲೇ ಉಣ್ತೀವಿ, ಏನರೆ ಕೊಳ್ತೀವಿ, ನಾಕು ಮಾತಾಡ್ತೀವಿ.

ಹಂಗಾಗಿ ಹೋಗ್ರಿ. ಬೀಗರ ಊರಿಗೆ ಹೋದಂಗ ಹೋಗ್ರಿ. ಗೇಟು ತಗೀಬ್ಯಾಡ್ರಿ, ಹೂವು ಮುಟ್ಟಬ್ಯಾಡ್ರಿ. ಕಿಡಕಿ ಕಂಡ್ರ ಹೊರಗಿನಿಂದ ಚಂದ ಅದ ಅನ್ರಿ, ಮುಂದ ನಡೀರಿ.

ಆ ಮುದುಕಿ ಊಟ ಅರ್ಧಕ್ಕ ನಿಂತಿದ್ದು ನನಗ ಇನ್ನೂ ಮರೆತಿಲ್ಲ.