ಕೇಳಿದವರ ಪಾಲು

ಒಬ್ಬನೇ ಗ್ರಾಹಕ ಮಹಾಸಂಸ್ಥೆಯೊಂದರ ಮೇಲೆ ದಾವೆ ಹೂಡುವುದೆಂದರೆ ವಕೀಲರ ಶುಲ್ಕಕ್ಕೇ ಮನೆ ಬರಿದಾಗುವ ಮಾತು. ಅದಕ್ಕೆಂದೇ ಅಮೆರಿಕದ ನ್ಯಾಯಪದ್ಧತಿಯಲ್ಲಿ ಸಮೂಹ ದಾವೆಯೆಂಬ ಏರ್ಪಾಡುಂಟು. ಒಂದೇ ಬಗೆಯ ನಷ್ಟಕ್ಕೊಳಗಾದ ಸಹಸ್ರಾರು ಜನರ ಪರವಾಗಿ ಕೆಲವರು ನ್ಯಾಯಾಲಯದ ಮೆಟ್ಟಿಲೇರುತ್ತಾರೆ; ಅಲ್ಲಿ ಆದ ತೀರ್ಪು ಅಥವಾ ರಾಜಿ ಉಳಿದವರನ್ನೂ ಕಟ್ಟುತ್ತದೆ. ಆದರೆ ದಾವೆಯನ್ನು ಬೇರೆಯವರು ನಡೆಸಿಕೊಟ್ಟರೂ ಪರಿಹಾರವನ್ನು ಅವರವರೇ ಕೇಳಿ ಪಡೆಯಬೇಕಾಗುವುದುಂಟು. ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಪ್ರಕರಣದಲ್ಲಿ ಆದುದು ಹಾಗೆಯೇ.

2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಈ ಕಾರುಗಳ ಗುಟ್ಟನ್ನು ಬಯಲಿಗೆಳೆಯಿತು. ಎಂಜಿನನ್ನು ಆಳುವ ತಂತ್ರಾಂಶವು ಪರೀಕ್ಷೆಯ ಸಮಯವನ್ನು ಗುರುತಿಸಿ ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿರಿಸುತ್ತಿತ್ತು. ಬೀದಿಗಿಳಿದೊಡನೆ ವಿಷಕಾರಿ ನೈಟ್ರೋಜನ್ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೂ ಹೊರಬೀಳುತ್ತಿದ್ದವು. ಇನ್‌ಸ್ಪೆಕ್ಟರು ಶಾಲೆಗೆ ಬಂದ ದಿನ ಮಾತ್ರ ಕೈಕಟ್ಟಿ ಕುಳಿತುಕೊಳ್ಳುವ ಹುಡುಗನ ಜಾಣತನ! ಇದರ ಸುಳಿವನ್ನು ಮೊದಲು ಹಿಡಿದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣನವರೂ ಇದ್ದರೆಂಬುದು ನಮ್ಮವರು ನೆನೆಯತಕ್ಕ ಸಂಗತಿ.

ದಾವೆಗಳೆಲ್ಲವೂ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ಚಾರ್ಲ್ಸ್ ಬ್ರೈಯರ್ ಅವರ ಮುಂದೆ ಒಟ್ಟುಗೂಡಿದವು. 2016ರ ಅಕ್ಟೋಬರ್ 25ರಂದು ಅವರು ಸುಮಾರು 4,75,000 ಕಾರುಗಳಿಗೆ ಸಂಬಂಧಿಸಿದ ರಾಜಿಗೆ ಅಂತಿಮ ಸಮ್ಮತಿಯನ್ನಿತ್ತರು. ಕಾರನ್ನು ಗುಟ್ಟು ರಟ್ಟಾಗುವ ಮುಂಚಿನ ಬೆಲೆಗೆ ಕಂಪೆನಿಗೇ ಹಿಂದಿರುಗಿಸಬಹುದು. ಅಥವಾ, ಸರ್ಕಾರ ಒಪ್ಪಿದ ದುರಸ್ತಿಯನ್ನು ಮಾಡಿಸಿಕೊಂಡು ತಾವೇ ಉಳಿಸಿಕೊಳ್ಳಬಹುದು. ಯಾವುದನ್ನು ಆರಿಸಿದರೂ, ಮೊದಲಿನಿಂದ ಮಾಲೀಕರಾಗಿದ್ದವರಿಗೆ ಕನಿಷ್ಠ 5,100 ಡಾಲರು ಪ್ರತ್ಯೇಕ ಪರಿಹಾರ. ವಕೀಲರ ಶುಲ್ಕವನ್ನು ಈ ಹಣದಿಂದ ಮುರಿದುಕೊಳ್ಳುವಂತಿರಲಿಲ್ಲ.

ಇನ್ನು ಅರ್ಜಿಯ ವಿಷಯ. ಕಾರಿನ ಗುರುತಿನ ಸಂಖ್ಯೆ, ನೋಂದಣಿ ಪತ್ರ, ಓಡಿರುವ ಮೈಲಿಗಳ ಲೆಕ್ಕ, ಸಾಲ ಉಳಿದಿದ್ದರೆ ಅದರ ವಿವರ, ಇವೆಲ್ಲವನ್ನೂ ಒದಗಿಸಬೇಕು. ಕಂಪೆನಿಯ ಒಪ್ಪಿಗೆಪತ್ರ ಬಂದ ಮೇಲೆ ಗೊತ್ತುಪಡಿಸಿದ ದಿನ ಕಾರನ್ನು ಮಾರಾಟಗಾರರಲ್ಲಿಗೆ ತರಬೇಕು. ಹಿಂದಿರುಗಿಸುವ ಕಾರು ತನ್ನ ಎಂಜಿನಿನ ಬಲದಿಂದಲೇ ಚಲಿಸುವಂತಿರಬೇಕೆಂಬುದು ನಿಯಮ. ಇಷ್ಟೇ ತಾನೆ ಎಂದು ಕೆಲವು ಮಹಾನುಭಾವರು ಬಿಡಿಭಾಗಗಳನ್ನೆಲ್ಲ ಬಿಚ್ಚಿಕೊಂಡು, ಓಡುವ ಅಸ್ಥಿಪಂಜರವನ್ನು ಒಪ್ಪಿಸಲು ಹೊರಟರು! ವಂಚನೆಗೆ ಪ್ರತಿವಂಚನೆಯೇ ಸರಿಯೆಂದು ಬಗೆದರೋ ಏನೋ. ರಾಜಿಯ ಉದ್ದೇಶ ಇದಲ್ಲವೆಂದು ನ್ಯಾಯಾಧೀಶರೇ ಎಚ್ಚರಿಸಬೇಕಾಯಿತು.

ಅಮೆರಿಕದ ವಾಣಿಜ್ಯ ಆಯೋಗವು 2020ರಲ್ಲಿ ಒಪ್ಪಿಸಿದ ವರದಿಯಂತೆ ಗ್ರಾಹಕರಿಗೆ ಸಂದ ಹಣ 950 ಕೋಟಿ ಡಾಲರಿಗೂ ಮಿಗಿಲು. ಭಾಗವಹಿಸಿದವರಲ್ಲಿ ಶೇಕಡ 86 ಮಂದಿ ಕಾರನ್ನೇ ಹಿಂದಿರುಗಿಸಿಬಿಟ್ಟರು. ನಂಬಿಕೆ ಕೆಟ್ಟ ಮೇಲೆ ದುರಸ್ತಿ ಯಾರಿಗೆ ಬೇಕು?

ಕಠಿಣವಾದುದು ಗಡುವು. ರಾಜಿ ಬೇಡವೆನ್ನುವವರು 2016ರ ಸೆಪ್ಟೆಂಬರ್ 16ರೊಳಗೆ ಬರೆದು ತಿಳಿಸಬೇಕಿತ್ತು. ಬೇಕೆನ್ನುವವರ ಅರ್ಜಿಗೆ 2018ರ ಸೆಪ್ಟೆಂಬರ್ 1 ಕಡೆಯ ದಿನ. ಎರಡನ್ನೂ ಮಾಡದವನ ಮೌನವನ್ನು ನ್ಯಾಯಾಲಯವು ಸಮ್ಮತಿಯೆಂದೇ ಎಣಿಸಿತು. ಅವನಿಗೆ ಹಣವೂ ಇಲ್ಲ, ಅದೇ ಕಾರಣಕ್ಕೆ ಬೇರೆ ದಾವೆ ಹೂಡುವ ಹಕ್ಕೂ ಇಲ್ಲ. ಗುಟ್ಟು ರಟ್ಟಾದ ಮೇಲೆ ಗಾಬರಿಗೊಂಡು, 2016ರ ಜೂನ್ ಕೊನೆಗೆ ರಾಜಿ ಪ್ರಕಟವಾಗುವಷ್ಟರೊಳಗೆ ಕಾರನ್ನು ಮಾರಿದವರಿಗೂ ಪರಿಹಾರದಲ್ಲಿ ಅರ್ಧ ಪಾಲಿತ್ತು. ಆದರೆ ಅದೇ ಸೆಪ್ಟೆಂಬರ್ 16ರೊಳಗೆ, 'ಆ ಕಾರು ನನ್ನದಾಗಿತ್ತು' ಎಂದು ತಾವಾಗಿಯೇ ಮುಂದೆ ಬಂದು ಹೇಳಿಕೊಳ್ಳಬೇಕಿತ್ತು.